ತೈಲ ಸೋರಿಕೆ: ಪ್ರವಾಸಿ ಬಾಡಿಗೆ ಮನೆಗಳ ವರಮಾನ ನಷ್ಟಕ್ಕೆ ಪರಿಹಾರ

ಸಮುದ್ರದಲ್ಲಿ ತೈಲ ಸೋರಿ ಕಡಲತೀರ ಕೆಟ್ಟಾಗ, ಅಥವಾ ಕೆಟ್ಟೀತೆಂಬ ಸುದ್ದಿ ಹರಡಿದಾಗ, ಪ್ರವಾಸಿಗರು ಬಾರದೆ ತೀರದ ಬಾಡಿಗೆ ಮನೆಗಳ ಒಡೆಯರಿಗೆ ಆಗುವ ವರಮಾನದ ನಷ್ಟವನ್ನು ಸೋರಿಕೆಗೆ ಹೊಣೆಯಾದವರಿಂದ ತುಂಬಿಸಿಕೊಳ್ಳುವ ಕಾನೂನುಬದ್ಧ ಕ್ರಮ. ಮನೆಯ ಗೋಡೆಗಾಗಲಿ ಅಂಗಳಕ್ಕಾಗಲಿ ಒಂದು ಹನಿ ಎಣ್ಣೆ ತಗುಲಿರಬೇಕೆಂಬ ನಿಯಮ ಇಲ್ಲಿಲ್ಲ. ಕೆಟ್ಟಿರುವುದು ಯಾರ ಸ್ವಂತದ್ದೂ ಅಲ್ಲದ ಸಮುದ್ರ. ನಷ್ಟವಾಗಿರುವುದು ಆ ಸಮುದ್ರವನ್ನು ನಂಬಿ ಬದುಕು ಕಟ್ಟಿಕೊಂಡವರಿಗೆ. ಈ ಅಂತರವೇ ವಿಷಯದ ತಿರುಳು. ಬಾರದೆ ಹೋದ ಅತಿಥಿಗೆ ಲೆಕ್ಕ ಕೊಡುವುದು ಹೇಗೆ, ಆ ಲೆಕ್ಕವನ್ನು ಯಾರು ಒಪ್ಪಬೇಕು ಎಂಬ ಪ್ರಶ್ನೆಗಳ ಸುತ್ತಲೇ ಇದರ ಕಾನೂನು ಬೆಳೆದಿದೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸಂಭವಿಸಿದ ಡೀಪ್‌ವಾಟರ್ ಹೊರೈಜನ್ ದುರಂತದ ನಂತರ ಅಮೆರಿಕದಲ್ಲಿ ನಡೆದ ಪರಿಹಾರ ವಿತರಣೆ ಇದರ ಅತಿ ದೊಡ್ಡ ಉದಾಹರಣೆ.

ಪರಿಭಾಷೆ

ಪ್ರವಾಸಿ ಬಾಡಿಗೆ ಮನೆ ಎಂದರೆ ದಿನ ಅಥವಾ ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಿಟ್ಟುಕೊಡುವ ವಾಸದ ಮನೆ. ಸ್ವತಂತ್ರ ಮನೆ, ಕಡಲಿಗೆ ಮುಖಮಾಡಿದ ಬಹುಮಹಡಿ ಕಟ್ಟಡದೊಳಗಿನ ಫ್ಲ್ಯಾಟು, ಮೀನು ಹಿಡಿಯಲು ಬರುವವರಿಗಾಗಿ ಕಟ್ಟಿದ ಬಿಡಾರ ಎಲ್ಲವೂ ಇದರಲ್ಲಿ ಸೇರುತ್ತವೆ. ಹೋಟೆಲು ಸೇರುವುದಿಲ್ಲ. ನಷ್ಟ ತುಂಬಿಕೊಡಿ ಎಂದು ಲಿಖಿತವಾಗಿ ಸಲ್ಲಿಸುವ ಬೇಡಿಕೆಯನ್ನು ಈ ಲೇಖನದಲ್ಲಿ ಕ್ಲೇಮು ಎಂದೂ ಸಲ್ಲಿಸುವವರನ್ನು ಕ್ಲೇಮುದಾರರು ಎಂದೂ ಕರೆಯಲಾಗಿದೆ. ಹೊಣೆಗಾರ ಎಂದರೆ ತೈಲ ಸೋರಿದ ಹಡಗು, ಬಾವಿ ಅಥವಾ ಕೊಳವೆಮಾರ್ಗದ ಒಡೆಯನೆಂದೋ ನಿರ್ವಾಹಕನೆಂದೋ ಕಾನೂನು ಗುರುತಿಸಿದ ಪಕ್ಷ. ಸ್ವಂತ ಆಸ್ತಿಗೆ ಭೌತಿಕ ಹಾನಿಯಾಗದೆ ವರಮಾನ ಮಾತ್ರ ಕಡಿಮೆಯಾಗುವುದಕ್ಕೆ ಶುದ್ಧ ಆರ್ಥಿಕ ನಷ್ಟ ಎಂದು ಹೆಸರು.

ಹಿನ್ನೆಲೆ

ಶುದ್ಧ ಆರ್ಥಿಕ ನಷ್ಟಕ್ಕೆ ಪರಿಹಾರ ಕೊಡಲು ಅಮೆರಿಕದ ಸಾಗರ ಕಾನೂನು ದೀರ್ಘಕಾಲ ಒಪ್ಪಿರಲಿಲ್ಲ. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರಾಬಿನ್ಸ್ ಡ್ರೈ ಡಾಕ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಹಾನಿಗೊಳಗಾದ ವಸ್ತುವಿನಲ್ಲಿ ಒಡೆತನದ ಹಕ್ಕಿಲ್ಲದವನು ತನ್ನ ವ್ಯವಹಾರ ಕೆಟ್ಟಿತೆಂದು ದಾವೆ ಹೂಡುವಂತಿರಲಿಲ್ಲ. 1980ರಲ್ಲಿ ಲೂಯಿಸಿಯಾನದ ಕಾಲುವೆಯೊಂದರಲ್ಲಿ ಎರಡು ಹಡಗುಗಳು ಡಿಕ್ಕಿಯಾಗಿ ವಿಷಕಾರಿ ರಾಸಾಯನಿಕ ನೀರಿಗೆ ಬಿದ್ದಾಗ ಈ ನಿಯಮದ ಕಠೋರತೆ ಎಲ್ಲರಿಗೂ ಕಂಡಿತು. ದೋಣಿತಂಗುದಾಣ, ಗಾಳ ಮಾರುವ ಅಂಗಡಿ, ಮೀನಿನೂಟದ ಹೋಟೆಲು ನಡೆಸುತ್ತಿದ್ದವರೆಲ್ಲ ಕೋರ್ಟಿನ ಬಾಗಿಲು ತಟ್ಟಿದರು. 1985ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಟೆಸ್ಟ್‌ಬ್ಯಾಂಕ್ ಎಂದು ಹೆಸರಾದ ಈ ಪ್ರಕರಣದಲ್ಲಿ ಹಳೆಯ ನಿಯಮವನ್ನೇ ಎತ್ತಿಹಿಡಿದು ಅವರನ್ನು ಹೊರಗಿಟ್ಟಿತು. ನೀರಿನಲ್ಲಿ ಕಲ್ಲೆಸೆದರೆ ಅಲೆ ಎಲ್ಲಿಯವರೆಗೂ ಹೋದೀತು, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂಬುದು ಈ ನಿಯಮದ ಹಿಂದಿನ ತರ್ಕ. ತರ್ಕದಲ್ಲಿ ಹುರುಳಿಲ್ಲದಿಲ್ಲ. ಆದರೆ ಎಳೆದ ಗೆರೆ ತೀರದಲ್ಲಿ ಬದುಕುವವರ ಹೊಸ್ತಿಲಿನ ಹೊರಗೇ ನಿಂತಿತು.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ತೈಲ ಹಡಗು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ತಗುಲಿತು. ಸಾರ್ವಜನಿಕರ ಆಕ್ರೋಶ ಅಮೆರಿಕದ ಸಂಸತ್ತನ್ನು ಎಚ್ಚರಿಸಿತು. ಮರುವರ್ಷವೇ ಹೊಸ ಕಾಯ್ದೆ ಬಂತು.

1990ರ ತೈಲ ಮಾಲಿನ್ಯ ಕಾಯ್ದೆ

ಈ ಕಾಯ್ದೆಯ 1002ನೇ ಕಲಂ ಪರಿಹಾರಕ್ಕೆ ಅರ್ಹವಾದ ನಷ್ಟಗಳನ್ನು ಹೆಸರಿಸುತ್ತದೆ. ಅದರಲ್ಲಿ ಲಾಭ ಮತ್ತು ದುಡಿಮೆ ಸಾಮರ್ಥ್ಯದ ನಷ್ಟವೂ ಒಂದು. ಸ್ಥಿರ ಆಸ್ತಿ, ಚರ ಆಸ್ತಿ ಅಥವಾ ನೈಸರ್ಗಿಕ ಸಂಪತ್ತಿಗೆ ಹಾನಿಯಾಗಿ ಯಾರ ಲಾಭ ತಗ್ಗಿದರೂ ಅವರು ಪರಿಹಾರ ಕೇಳಬಹುದು; ಆ ಆಸ್ತಿ ಅವರದ್ದೇ ಆಗಿರಬೇಕಾಗಿಲ್ಲ. ಕಡಲತೀರ ಸಾರ್ವಜನಿಕರದ್ದಾದರೂ ಅದರ ಮುಂದೆ ಮನೆ ಬಾಡಿಗೆಗೆ ಕೊಡುವವರ ನಷ್ಟಕ್ಕೆ ಹೀಗೆ ಕಾನೂನಿನ ಆಸರೆ ದೊರೆಯಿತು. 63 ವರ್ಷ ಮುಚ್ಚಿದ್ದ ಬಾಗಿಲನ್ನು ಈ ಒಂದು ಕಲಂ ತೆರೆಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಕ್ರಮ ಹೀಗಿದೆ. ಕ್ಲೇಮುದಾರ ಮೊದಲು ಹೊಣೆಗಾರನಿಗೆ, ಇಷ್ಟೇ ಮೊತ್ತವೆಂದು ನಮೂದಿಸಿ, ಕ್ಲೇಮು ಸಲ್ಲಿಸಬೇಕು. ಹೊಣೆಗಾರ ನಿರಾಕರಿಸಿದರೆ ಅಥವಾ 90 ದಿನಗಳೊಳಗೆ ಇತ್ಯರ್ಥ ಮಾಡದಿದ್ದರೆ ಎರಡು ದಾರಿಗಳಿವೆ: ಕೋರ್ಟಿಗೆ ಹೋಗುವುದು, ಇಲ್ಲವೇ ಸರ್ಕಾರದ ತೈಲ ಸೋರಿಕೆ ಬಾಧ್ಯತಾ ನಿಧಿಯ ಮೊರೆಹೋಗುವುದು. ಪ್ರತಿ ಬ್ಯಾರಲ್ ತೈಲದ ಮೇಲೆ ವಿಧಿಸಿದ ತೆರಿಗೆಯಿಂದ ಈ ನಿಧಿ ಬೆಳೆದಿದೆ. ಕರಾವಳಿ ಕಾವಲು ಪಡೆಯ ಅಧೀನ ಕಚೇರಿ ಇದನ್ನು ನೋಡಿಕೊಳ್ಳುತ್ತದೆ. ಮೊದಲ ಹಂತವನ್ನು ಬಿಟ್ಟು ನೇರವಾಗಿ ದಾವೆ ಹೂಡಿದರೆ ದಾವೆ ನಿಲ್ಲದು. ದಾವೆಗೆ 3 ವರ್ಷಗಳ ಕಾಲಮಿತಿ ಇದೆ. ಪೂರ್ಣ ನಷ್ಟ ಗೊತ್ತಾಗುವ ಮೊದಲೇ ಅಲ್ಪಾವಧಿಯ ನಷ್ಟಕ್ಕೆ ಮಧ್ಯಂತರ ಪರಿಹಾರ ಕೇಳಲು ಅವಕಾಶವೂ ಉಂಟು. ಸಾಲದ ಕಂತು ಕಟ್ಟಬೇಕಾದ ಮನೆಯೊಡೆಯರಿಗೆ ಇದು ಬಹಳ ಮುಖ್ಯ.

ಹೊಣೆಗಾರನ ಬಾಧ್ಯತೆಗೆ ಕಾಯ್ದೆ ಮಿತಿಯನ್ನೂ ಹಾಕಿದೆ. ಸಮುದ್ರದೊಳಗಿನ ಬಾವಿಗಳಿಗೆ ಸ್ವಚ್ಛತಾ ವೆಚ್ಚವನ್ನು ಬಿಟ್ಟು 7.5 ಕೋಟಿ ಡಾಲರ್ ಎಂಬುದು 2010ರಲ್ಲಿದ್ದ ಮಿತಿ. ಘೋರ ನಿರ್ಲಕ್ಷ್ಯ ಸಾಬೀತಾದರೆ ಈ ರಕ್ಷಣೆ ಬಿದ್ದುಹೋಗುತ್ತದೆ. 2015ರಿಂದ ಮಿತಿಯನ್ನು 13 ಕೋಟಿ ಡಾಲರಿಗೂ ಮೇಲಕ್ಕೆ ಏರಿಸಲಾಗಿದೆ.

ಡೀಪ್‌ವಾಟರ್ ಹೊರೈಜನ್ ಪ್ರಕರಣ

2010ರ ಏಪ್ರಿಲ್ 20ರ ರಾತ್ರಿ ಲೂಯಿಸಿಯಾನ ತೀರದಿಂದ ಸುಮಾರು 66 ಕಿ.ಮೀ. ದೂರದಲ್ಲಿ ಮಕೊಂಡೊ ಎಂಬ ಬಾವಿಯನ್ನು ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡಿತು. 11 ಕೆಲಸಗಾರರು ಸತ್ತರು. ಎರಡು ದಿನಗಳ ನಂತರ ರಿಗ್ ಮುಳುಗಿತು. ಬಾವಿಯ ಬಾಯಿಗೆ ಮುಚ್ಚಳ ಬಿದ್ದುದು ಜುಲೈ 15ರಂದು. 87 ದಿನಗಳಲ್ಲಿ 49 ಲಕ್ಷ ಬ್ಯಾರಲ್ ತೈಲ ಹೊರಬಂತೆಂದು ಸರ್ಕಾರ ಅಂದಾಜಿಸಿತು. ಸಮುದ್ರ ಸೇರಿದ್ದು 31.9 ಲಕ್ಷ ಬ್ಯಾರಲ್ ಎಂದು 2015ರಲ್ಲಿ ಕೋರ್ಟು ನಿಗದಿಪಡಿಸಿತು. ಬಾವಿಯ ನಿರ್ವಾಹಕ ಬಿಪಿ ಕಂಪನಿ, ರಿಗ್ಗಿನ ಒಡೆಯ ಟ್ರಾನ್ಸ್‌ಓಷನ್.

ದುರಂತದ ಕಾಲ ಬಾಡಿಗೆ ಮನೆಗಳ ಪಾಲಿಗೆ ಅತ್ಯಂತ ಕೆಟ್ಟದ್ದಾಗಿತ್ತು. ಅಲಬಾಮದ ಗಲ್ಫ್ ಶೋರ್ಸ್, ಆರೆಂಜ್ ಬೀಚ್, ಡಾಫಿನ್ ದ್ವೀಪ, ಫ್ಲಾರಿಡದ ಪೆನ್ಸಕೋಲ ಬೀಚ್, ಡೆಸ್ಟಿನ್, ಪನಾಮ ಸಿಟಿ ಬೀಚ್ ಇವೆಲ್ಲ ಬೇಸಿಗೆಯ ಊರುಗಳು. ಮೇ ಕೊನೆಯ ಸೋಮವಾರದ ಮೆಮೋರಿಯಲ್ ದಿನದಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನದವರೆಗೆ ಅಲ್ಲಿ ಸುಗ್ಗಿ. ಶನಿವಾರದಿಂದ ಶನಿವಾರಕ್ಕೆ ಒಂದು ವಾರದ ಲೆಕ್ಕದಲ್ಲಿ ಮನೆ ಕೊಡುವುದು ರೂಢಿ. ಅದೇ ಕುಟುಂಬ ಪ್ರತಿ ವರ್ಷ ಅದೇ ವಾರ ಅದೇ ಮನೆಗೆ ಬರುವುದುಂಟು. ಜನವರಿಯಿಂದ ಮಾರ್ಚ್‌ವರೆಗೆ ಮುಂಗಡ ಕೊಟ್ಟು ಕಾದಿರಿಸಿದ್ದವರು ಏಪ್ರಿಲ್ ಕೊನೆಯ ವಾರದಲ್ಲಿ ಟಿವಿಯಲ್ಲಿ ಎಣ್ಣೆ ಹರಡುತ್ತಿರುವುದನ್ನು ಕಂಡು ಫೋನು ಮಾಡತೊಡಗಿದರು. ಎಣ್ಣೆ ಅಲಬಾಮ ಹಾಗೂ ಫ್ಲಾರಿಡದ ಮರಳಿಗೆ ಬಂದದ್ದು ಜೂನ್ ಮೊದಲ ವಾರ, ಟಾರು ಉಂಡೆಗಳ ರೂಪದಲ್ಲಿ. ರದ್ದತಿಗಳು ಅದಕ್ಕಿಂತ ಬಹಳ ಮೊದಲೇ ಬಂದಿದ್ದವು. ಎಣ್ಣೆಗಿಂತ ಸುದ್ದಿ ಮೊದಲು ದಡ ಸೇರಿತ್ತು.

ಪರಿಹಾರ ವಿತರಣೆ ಮೂರು ಹಂತಗಳಲ್ಲಿ ನಡೆಯಿತು. ಮೊದಲನೆಯದು ಬಿಪಿಯೇ ತೆರೆದ ಕ್ಲೇಮು ಕಚೇರಿಗಳು. 2010ರ ಮೇಯಿಂದ ಆಗಸ್ಟ್‌ವರೆಗೆ ಇವು ಸುಮಾರು 40 ಕೋಟಿ ಡಾಲರ್ ಹಂಚಿದವು. 7.5 ಕೋಟಿಯ ಮಿತಿಯ ಹಿಂದೆ ತಾನು ಅಡಗುವುದಿಲ್ಲವೆಂದು ಕಂಪನಿ ಪ್ರಕಟಿಸಿತು. ಜೂನ್ 16ರಂದು ಶ್ವೇತಭವನದಲ್ಲಿ ನಡೆದ ಮಾತುಕತೆಯ ಬಳಿಕ 2,000 ಕೋಟಿ ಡಾಲರ್‌ಗಳ ನಿಧಿ ತೆಗೆದಿಡಲು ಒಪ್ಪಿತು.

ಎರಡನೆಯ ಹಂತ ಆಗಸ್ಟ್ 23ರಂದು ಆರಂಭವಾದ ಗಲ್ಫ್ ಕೋಸ್ಟ್ ಕ್ಲೇಮ್ಸ್ ಫೆಸಿಲಿಟಿ. 2001ರ ಸೆಪ್ಟೆಂಬರ್ 11ರ ದಾಳಿಯ ಸಂತ್ರಸ್ತರಿಗೆ ಪರಿಹಾರ ಹಂಚಿದ್ದ ವಕೀಲ ಕೆನೆತ್ ಫೈನ್‌ಬರ್ಗ್ ಇದರ ಮುಖ್ಯಸ್ಥರು. ನವೆಂಬರ್ 23ರವರೆಗೆ ತುರ್ತು ಮುಂಗಡ ಕೊಡಲಾಯಿತು. ಆಮೇಲೆ ಮೂರು ಆಯ್ಕೆಗಳು: ಮಧ್ಯಂತರ ಪಾವತಿ, ಅಂತಿಮ ಪಾವತಿ, ಮತ್ತು ದಿಢೀರ್ ಪಾವತಿ. ದಿಢೀರ್ ಪಾವತಿಯಲ್ಲಿ ವ್ಯಕ್ತಿಗೆ 5,000, ವ್ಯವಹಾರಕ್ಕೆ 25,000 ಡಾಲರ್. ಹೊಸ ದಾಖಲೆ ಬೇಡ. ಆದರೆ ಮುಂದೆ ದಾವೆ ಹೂಡುವುದಿಲ್ಲವೆಂದು ಬರೆದುಕೊಡಬೇಕು. ಅಂತಿಮ ಪಾವತಿ ಪಡೆದವರಿಗೂ ಇದೇ ಷರತ್ತು. 2011ರ ಫೆಬ್ರವರಿಯ ನಿಯಮಗಳ ಪ್ರಕಾರ 2010ರ ದಾಖಲಿತ ನಷ್ಟದ ಎರಡು ಪಟ್ಟು ಅಂತಿಮ ಪರಿಹಾರ. ಸಿಂಪಿ ತೆಗೆಯುವವರಿಗೆ ನಾಲ್ಕು ಪಟ್ಟು. ಈ ಸಂಸ್ಥೆ 2,20,000ಕ್ಕೂ ಹೆಚ್ಚು ಕ್ಲೇಮುದಾರರಿಗೆ 620 ಕೋಟಿ ಡಾಲರ್‌ಗಿಂತ ಹೆಚ್ಚು ಹಂಚಿತು. ನ್ಯಾಯ ಇಲಾಖೆ ಮಾಡಿಸಿದ ಲೆಕ್ಕತಪಾಸಣೆ ಸುಮಾರು 7,300 ಮಂದಿಗೆ ಅನ್ಯಾಯವಾಗಿರುವುದನ್ನು ಕಂಡುಹಿಡಿದು, ಅವರಿಗೆ 6.4 ಕೋಟಿ ಡಾಲರ್ ಹೆಚ್ಚುವರಿಯಾಗಿ ಕೊಡಿಸಿತು. ದಿಢೀರ್ ಪಾವತಿಯ ಗುಣದೋಷವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಂತು ತಪ್ಪುವ ಭಯದಲ್ಲಿದ್ದವರಿಗೆ ಅದು ಉಸಿರು ಕೊಟ್ಟಿತು ನಿಜ. ಎರಡು ಮೂರು ಮನೆಗಳಿದ್ದು ನಿಜವಾದ ನಷ್ಟ ಅದಕ್ಕಿಂತ ಬಹಳ ಹೆಚ್ಚಾಗಿದ್ದವರ ಹಕ್ಕನ್ನು ಅದೇ ಸಹಿ ಶಾಶ್ವತವಾಗಿ ಮುಗಿಸಿತು.

ಮೂರನೆಯ ಹಂತ ಕೋರ್ಟಿನ ಉಸ್ತುವಾರಿಯದ್ದು. ನ್ಯೂ ಆರ್ಲಿಯನ್ಸ್‌ನ ಫೆಡರಲ್ ನ್ಯಾಯಾಧೀಶ ಕಾರ್ಲ್ ಬಾರ್ಬಿಯರ್ ಅವರ ಮುಂದಿದ್ದ ಸಮೂಹ ದಾವೆಯಲ್ಲಿ 2012ರ ಮಾರ್ಚ್‌ನಲ್ಲಿ ರಾಜಿಯಾಯಿತು. ಡಿಸೆಂಬರ್ 21ರಂದು ಅದಕ್ಕೆ ಅಂತಿಮ ಒಪ್ಪಿಗೆ ದೊರೆಯಿತು. ಒಟ್ಟು ಪಾವತಿಗೆ ಮೇಲ್ಮಿತಿ ಇರಲಿಲ್ಲ. ಲೂಯಿಸಿಯಾನ, ಮಿಸಿಸಿಪಿ, ಅಲಬಾಮ ರಾಜ್ಯಗಳು, ಫ್ಲಾರಿಡ ಮತ್ತು ಟೆಕ್ಸಸ್‌ನ ನಿಗದಿತ ಕೌಂಟಿಗಳು ಇದರ ವ್ಯಾಪ್ತಿ. ತೆರಿಗೆ ವಿವರದಲ್ಲಿ ಬಾಡಿಗೆ ವರಮಾನ ತೋರಿಸುವ ಇ ಅನುಸೂಚಿಯನ್ನು ಸಲ್ಲಿಸುತ್ತಿದ್ದ, ಒಂದೇ ಒಂದು ಫ್ಲ್ಯಾಟಿನ ಒಡೆಯರೂ ವ್ಯವಹಾರವೆಂದೇ ಪರಿಗಣಿತರಾದುದು ಇದರ ಮುಖ್ಯ ಸಂಗತಿ. ಕ್ಲೇಮು ಸಲ್ಲಿಸಲು 2015ರ ಜೂನ್ 8 ಕೊನೆಯ ದಿನವಾಗಿತ್ತು.

ನಷ್ಟದ ಬಗೆಗಳು

ಬಾಡಿಗೆ ಮನೆಯ ನಷ್ಟ ಒಂದೇ ರೀತಿಯದ್ದಲ್ಲ. ರದ್ದಾದ ಬುಕಿಂಗು ಎಲ್ಲಕ್ಕಿಂತ ಸರಳ: ಹೆಸರಿದೆ, ದಿನಾಂಕವಿದೆ, ಹಿಂದಿರುಗಿಸಿದ ಮುಂಗಡದ ಲೆಕ್ಕವಿದೆ, ಎಷ್ಟೋ ಸಲ ಅತಿಥಿ ಬರೆದ ಕಾರಣವೂ ಇದೆ. ದರ ಇಳಿಕೆ ಎರಡನೆಯದು. ಮನೆ ತುಂಬಿತು, ಆದರೆ ಕಡಿಮೆ ಬೆಲೆಗೆ. ಮೂರನೆಯದು ಬಾರದೆ ಹೋದ ಬುಕಿಂಗು. ಮೊಳಗದ ಫೋನಿಗೆ ದಾಖಲೆ ಇರುವುದಿಲ್ಲ. ಕಾದಿರಿಸುವ ಯೋಚನೆಯನ್ನೇ ಕೈಬಿಟ್ಟವರು ಯಾರೆಂದು ಒಡೆಯರಿಗೆ ಎಂದೂ ತಿಳಿಯದು. ಮೊತ್ತದಲ್ಲಿ ದೊಡ್ಡದೂ ಸಾಕ್ಷ್ಯದಲ್ಲಿ ದುರ್ಬಲವೂ ಆದ ಬಗೆ ಇದೇ. ವರ್ಷ ವರ್ಷ ಬರುತ್ತಿದ್ದ ಕುಟುಂಬ ಬೇರೆ ಊರಿಗೆ ಹೋಗಿ ಅಲ್ಲಿಯೇ ರೂಢಿಯಾಗಿಬಿಟ್ಟರೆ ಆಗುವ ಮುಂದಿನ ವರ್ಷಗಳ ನಷ್ಟ ಇನ್ನೊಂದು.

ಮನೆಯ ಬೆಲೆ ಕುಸಿದುದಕ್ಕೆ, ಮನೆಗೆ ಎಣ್ಣೆ ತಗುಲಿದ್ದಕ್ಕೆ ಕೇಳುವ ಪರಿಹಾರ ಬೇರೆ ವರ್ಗ. 2012ರ ರಾಜಿಯಲ್ಲಿ ಕರಾವಳಿ ಆಸ್ತಿ ಹಾನಿ, ಆಸ್ತಿ ಮಾರಾಟ ನಷ್ಟ ಎಂಬ ಪ್ರತ್ಯೇಕ ಶೀರ್ಷಿಕೆಗಳಿದ್ದವು.

ಲೆಕ್ಕ ಹಾಕುವ ಕ್ರಮ

ಪರಿಹಾರ ಸಿಗುವುದು ಒಟ್ಟು ಬಾಡಿಗೆಗೆ ಅಲ್ಲ, ಕಳೆದುಕೊಂಡ ಲಾಭಕ್ಕೆ. ಮನೆ ಖಾಲಿ ಇದ್ದಾಗ ಉಳಿದ ಖರ್ಚನ್ನು ಕಳೆಯಬೇಕು. ಉಳಿಯದ ಖರ್ಚನ್ನು, ಅಂದರೆ ಸಾಲದ ಬಡ್ಡಿ, ಕಟ್ಟಡ ಸಂಘದ ಶುಲ್ಕ, ಆಸ್ತಿ ತೆರಿಗೆ, ವಿಮಾ ಕಂತುಗಳನ್ನು ಕಳೆಯುವಂತಿಲ್ಲ. ಒಂದು ಕಲ್ಪಿತ ಉದಾಹರಣೆ: ಗಲ್ಫ್ ಶೋರ್ಸ್‌ನಲ್ಲಿ ಎರಡು ಕೋಣೆಗಳ ಫ್ಲ್ಯಾಟು, ವಾರಕ್ಕೆ 1,200 ಡಾಲರ್ ಬಾಡಿಗೆ. 2009ರ ಜೂನ್‌ನಿಂದ ಆಗಸ್ಟ್‌ವರೆಗೆ 12 ವಾರ ತುಂಬಿ 14,400 ಡಾಲರ್ ಬಂದಿತ್ತು. 2010ರ ಅದೇ ತಿಂಗಳುಗಳಲ್ಲಿ 900 ಡಾಲರಿನಂತೆ 5 ವಾರ ಮಾತ್ರ ತುಂಬಿ 4,500 ಬಂತು. ಬಾಡಿಗೆಯಲ್ಲಿನ ಇಳಿಕೆ 9,900. ಮನೆ ನೋಡಿಕೊಳ್ಳುವ ಏಜೆನ್ಸಿಗೆ ಶೇ 20 ಕಮಿಷನ್ ಎಂದಿಟ್ಟುಕೊಂಡರೆ ಅದರಲ್ಲಿ 1,980 ಡಾಲರ್ ಒಡೆಯರಿಗೆ ಉಳಿದಿದೆ. ಖಾಲಿ ಇದ್ದ 7 ವಾರಗಳ ವಿದ್ಯುತ್ತು, ನೀರು ಇತ್ಯಾದಿ ವಾರಕ್ಕೆ 40ರಂತೆ 280. ಒಡೆಯರ ನಷ್ಟ 7,640 ಡಾಲರ್. ಏಜೆನ್ಸಿ ಕಳೆದುಕೊಂಡ 1,980 ಡಾಲರ್ ಏಜೆನ್ಸಿಯದೇ ಪ್ರತ್ಯೇಕ ಕ್ಲೇಮು. ಶನಿವಾರ ಶನಿವಾರ ಹಾಸಿಗೆ ಬದಲಿಸಿ ನೆಲ ಒರೆಸುತ್ತಿದ್ದ ಕೆಲಸದವರ ಕೂಲಿ ನಷ್ಟ ಮೂರನೆಯ ಕ್ಲೇಮು. ಒಂದೇ ಡಾಲರನ್ನು ಇಬ್ಬರು ಕೇಳುವಂತಿಲ್ಲ, ಯಾರೂ ಕೇಳದೆ ಬಿಡಬೇಕಾಗಿಯೂ ಇಲ್ಲ.

2012ರ ರಾಜಿಯ ಸೂತ್ರ ಇದನ್ನೇ ವಿಸ್ತರಿಸಿತು. ಹೋಲಿಕೆ ಅವಧಿಯಾಗಿ 2009ನ್ನು, ಅಥವಾ 2008 ಮತ್ತು 2009ರ ಸರಾಸರಿಯನ್ನು, ಅಥವಾ 2007ರಿಂದ 2009ರವರೆಗಿನ ಸರಾಸರಿಯನ್ನು ಕ್ಲೇಮುದಾರರೇ ಆರಿಸಿಕೊಳ್ಳಬಹುದಿತ್ತು. 2010ರ ಮೇಯಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಸತತ ಮೂರು ಅಥವಾ ಹೆಚ್ಚು ತಿಂಗಳನ್ನು ತೆಗೆದುಕೊಂಡು ಹಿಂದಿನ ಅದೇ ತಿಂಗಳುಗಳೊಂದಿಗೆ ಹೋಲಿಸಬೇಕಿತ್ತು. ಸೋರಿಕೆಗೆ ಮುಂಚಿನ ನಾಲ್ಕು ತಿಂಗಳಲ್ಲಿ ವ್ಯವಹಾರ ಏರುಮುಖವಾಗಿದ್ದರೆ ಆ ಏರಿಕೆಯನ್ನೂ ಲೆಕ್ಕಕ್ಕೆ ಸೇರಿಸಲಾಗುತ್ತಿತ್ತು. ಇದರ ಮೇಲೆ ಅಪಾಯ ವರ್ಗಾವಣೆ ಪ್ರೀಮಿಯಂ ಎಂಬ ಗುಣಕ. ಮುಂದೆ ಕಾಣಿಸಿಕೊಳ್ಳಬಹುದಾದ ನಷ್ಟವನ್ನು ಈಗಲೇ ತೀರಿಸುವ ಬೆಲೆ ಅದು. ಪ್ರವಾಸೋದ್ಯಮಕ್ಕೆ, ಅದರಲ್ಲೂ ರಾಜಿ ಗುರುತಿಸಿದ ನಾಲ್ಕು ವಲಯಗಳಲ್ಲಿ ಕಡಲಂಚಿನದಾದ ಎ ವಲಯಕ್ಕೆ, ಗುಣಕ ದೊಡ್ಡದಿತ್ತು.

ಬಾಡಿಗೆ ಮನೆಗಳಿಗೆ ವಿಶಿಷ್ಟವಾದ ಒಂದು ತೊಡಕು ಇಲ್ಲಿ ಎದ್ದಿತು. ಜನವರಿಯಲ್ಲಿ ಬಂದ ಮುಂಗಡ ಜುಲೈ ವಾಸ್ತವ್ಯದ್ದು. ಅದನ್ನು ಹಣ ಬಂದ ತಿಂಗಳಿಗೆ ಬರೆದರೆ ತಿಂಗಳ ಹೋಲಿಕೆಯೇ ದಾರಿತಪ್ಪುತ್ತದೆ. ಹಣ ಬಂದಾಗ ಬರೆಯುವ ಲೆಕ್ಕ ಎಲ್ಲ ಬಗೆಯ ವ್ಯವಹಾರಗಳಲ್ಲೂ ಇಂಥ ವಕ್ರತೆ ತರುತ್ತಿದೆಯೆಂದು ಬಿಪಿ ಮೇಲ್ಮನವಿ ಸಲ್ಲಿಸಿತು. ವರಮಾನವನ್ನೂ ಅದಕ್ಕೆ ಸಂಬಂಧಿಸಿದ ವೆಚ್ಚವನ್ನೂ ಒಂದೇ ಅವಧಿಗೆ ಹೊಂದಿಸಬೇಕೆಂದು 2013ರ ಅಕ್ಟೋಬರ್‌ನಲ್ಲಿ ಐದನೇ ಸರ್ಕ್ಯೂಟ್ ಹೇಳಿತು. ಅದರಂತೆ 2014ರಲ್ಲಿ ಕ್ಲೇಮುಗಳ ಲೆಕ್ಕ ಹೊಂದಿಸುವ 495ನೇ ನೀತಿ ಜಾರಿಗೆ ಬಂತು. 2017ರ ಮೇಯಲ್ಲಿ ಅದೇ ನ್ಯಾಯಾಲಯ ಈ ನೀತಿಯ ಒಂದು ಭಾಗವನ್ನು ತಳ್ಳಿಹಾಕಿತು. ಈ ಎಳೆದಾಟದಲ್ಲಿ ಸಾವಿರಾರು ಕಡತಗಳು ವರ್ಷಗಟ್ಟಲೆ ಕಾದವು.

ನಷ್ಟ ತಗ್ಗಿಸುವ ಪ್ರಯತ್ನ ಕ್ಲೇಮುದಾರರ ಕರ್ತವ್ಯ. ಪ್ರವಾಸಿಗರ ಬದಲು ಸ್ವಚ್ಛತಾ ಕೆಲಸಗಾರರಿಗೆ ಮನೆ ಕೊಟ್ಟವರು ಆ ವರಮಾನವನ್ನು ತೋರಿಸಲೇಬೇಕಿತ್ತು. ನಷ್ಟದ ವರಮಾನಕ್ಕೆ ಬಂದ ಪರಿಹಾರ ವರಮಾನದಂತೆಯೇ ತೆರಿಗೆಗೆ ಒಳಪಡುತ್ತದೆ.

ದಾಖಲೆಗಳು

ಬೇಕಾದವು ಇವು: ಹಿಂದಿನ ವರ್ಷಗಳ ಆದಾಯ ತೆರಿಗೆ ವಿವರ, ಬುಕಿಂಗ್ ರಿಜಿಸ್ಟರು, ಬಾಡಿಗೆ ಕರಾರು, ರದ್ದತಿಯ ಪತ್ರ ಮತ್ತು ಇಮೇಲು, ಬ್ಯಾಂಕ್ ಖಾತೆಯ ವಿವರ, ಏಜೆನ್ಸಿಯ ಮಾಸಿಕ ಲೆಕ್ಕಪತ್ರ, ವಸತಿ ತೆರಿಗೆಯ ವಿವರ. ಇವುಗಳಲ್ಲಿ ಒಡೆಯರ ಕೈಹಿಡಿಯಬಲ್ಲದ್ದು ವಸತಿ ತೆರಿಗೆಯ ವಿವರ. ಅಲ್ಪಾವಧಿ ಬಾಡಿಗೆಯ ಮೇಲಿನ ಈ ತೆರಿಗೆಯನ್ನು ತಿಂಗಳ ಲೆಕ್ಕದಲ್ಲಿ ಕಟ್ಟುವುದು ಅಲ್ಲಿನ ರೂಢಿ. ಆದಾಯ ತೆರಿಗೆ ವರ್ಷದ ಒಟ್ಟು ಮೊತ್ತವನ್ನಷ್ಟೇ ಹೇಳಿದರೆ, ವಸತಿ ತೆರಿಗೆಯ ರಸೀದಿ ಜುಲೈಗೆ ಜುಲೈಯನ್ನು ಹೋಲಿಸಿ ತೋರಿಸುತ್ತದೆ. ಹಿಂದಿನ ವರ್ಷಗಳ ರಸೀದಿ ಸೋರಿಕೆ ಆಗುವ ಮೊದಲೇ, ಬೇರೆ ಉದ್ದೇಶಕ್ಕೆ, ಸರ್ಕಾರಕ್ಕೆ ಸಲ್ಲಿಸಿದ ಕಾಗದವಾದ್ದರಿಂದ ಅದರ ಮೇಲೆ ಅನುಮಾನ ಬರುವುದಿಲ್ಲ. ನಗದು ಪಡೆದು ತೆರಿಗೆ ತೋರಿಸದೆ ಮನೆ ಕೊಡುತ್ತಿದ್ದವರು ಈ ಹಂತದಲ್ಲಿ ಬರಿಗೈಯಲ್ಲಿ ನಿಲ್ಲಬೇಕಾಯಿತು.

ಹೊಸದಾಗಿ ಮನೆ ಕೊಂಡು ಮೊದಲ ಬೇಸಿಗೆಗೆ ಕಾದಿದ್ದವರ ಸ್ಥಿತಿ ಇನ್ನೂ ಕಷ್ಟದ್ದು. ಅವರಿಗೆ ಹೋಲಿಸಲು ಹಿಂದಿನ ವರ್ಷವೇ ಇರಲಿಲ್ಲ. ಅಂಥ ಹೊಸ ವ್ಯವಹಾರಗಳಿಗೆ 2012ರ ರಾಜಿಯಲ್ಲಿ ಬೇರೆಯೇ ಚೌಕಟ್ಟು ರೂಪಿಸಲಾಯಿತು.

ಖಾಸಗಿ ವಿಮೆ ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ವ್ಯವಹಾರ ಸ್ಥಗಿತ ವಿಮೆಗೆ ವಿಮೆ ಮಾಡಿದ ಆಸ್ತಿಗೇ ಭೌತಿಕ ಹಾನಿಯಾಗಿರಬೇಕು; ಮಾಲಿನ್ಯವನ್ನು ಹೊರಗಿಡುವ ಷರತ್ತೂ ಪಾಲಿಸಿಗಳಲ್ಲಿ ಇರುತ್ತದೆ.

ಕಾರಣ ಸಂಬಂಧ

ಬಾಡಿಗೆ ಇಳಿದದ್ದು ತೈಲದಿಂದಲೋ, 2008ರಿಂದ ಕಾಡುತ್ತಿದ್ದ ಆರ್ಥಿಕ ಹಿಂಜರಿತದಿಂದಲೋ, ಬಿರುಗಾಳಿಯಿಂದಲೋ? ಪರಿಹಾರ ಕೊಡುವವರು ಕೇಳುವ ಮೊದಲ ಪ್ರಶ್ನೆ ಇದು. ಫೈನ್‌ಬರ್ಗ್ ಅವರ ಸಂಸ್ಥೆ ಮೊದಮೊದಲು ತೀರದಿಂದ ಇರುವ ದೂರಕ್ಕೆ ಹೆಚ್ಚು ತೂಕ ಕೊಟ್ಟಿತ್ತು. ಫ್ಲಾರಿಡದಲ್ಲಿ ಎಣ್ಣೆಯೇ ಮುಟ್ಟದಿದ್ದ ತೀರಗಳಿಂದ ಪ್ರತಿಭಟನೆ ಬಂದ ಮೇಲೆ, 2010ರ ಅಕ್ಟೋಬರ್‌ನಲ್ಲಿ, ಆ ನಿಯಮವನ್ನು ಸಡಿಲಿಸಿತು.

2012ರ ರಾಜಿ ಈ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಹುಡುಕಿತು. ಕರಾವಳಿಯನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿತು. ಕಡಲಿಗೆ ಅಂಟಿದ ಎ ವಲಯದಲ್ಲಿ ನಷ್ಟಕ್ಕೆ ತೈಲವೇ ಕಾರಣವೆಂದು ಭಾವಿಸಲಾಗುತ್ತಿತ್ತು. ಒಳನಾಡಿನ ಡಿ ವಲಯದವರು ವರಮಾನದ ರೇಖೆ ಇಂಗ್ಲಿಷ್ ವಿ ಅಕ್ಷರದಂತೆ ಇಳಿದು ಏರಿದ್ದನ್ನು ತೋರಿಸಬೇಕಿತ್ತು: 2010ರ ಸತತ ಮೂರು ತಿಂಗಳಲ್ಲಿ ಶೇ 15 ಇಳಿಕೆ, 2011ರ ಅದೇ ತಿಂಗಳುಗಳಲ್ಲಿ ಶೇ 10 ಏರಿಕೆ. ಈ ಸೂತ್ರದಡಿ ತೈಲಕ್ಕೂ ತಮಗೂ ಸಂಬಂಧವೇ ಇಲ್ಲದವರು ಹಣ ಪಡೆಯುತ್ತಿದ್ದಾರೆಂದು ಬಿಪಿ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟಿತು, ಮೇಲ್ಮನವಿಗಳನ್ನೂ ಹೂಡಿತು. ತಾನೇ ಸಹಿ ಮಾಡಿದ ಸೂತ್ರಕ್ಕೆ ಕಂಪನಿ ಬದ್ಧವೆಂದು ನ್ಯಾಯಾಲಯಗಳು ಹೇಳಿದವು. 2014ರ ಡಿಸೆಂಬರ್ 8ರಂದು ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಗೆರೆಯನ್ನು ಅಂಕಿಗಳಿಂದ ಎಳೆದಾಗ ಕೆಲವು ಅನರ್ಹರು ಒಳಬರುತ್ತಾರೆ ಎಂಬುದು ಸತ್ಯ. ಪ್ರತಿಯೊಬ್ಬ ಸಣ್ಣ ಒಡೆಯರೂ ತಮ್ಮ ಅತಿಥಿಯ ಮನಸ್ಸಿನಲ್ಲಿದ್ದ ಕಾರಣವನ್ನು ಸಾಬೀತು ಮಾಡಬೇಕೆಂದಿದ್ದರೆ ಅರ್ಹರಲ್ಲಿ ಹೆಚ್ಚಿನವರು ಹೊರಗುಳಿಯುತ್ತಿದ್ದರು ಎಂಬುದೂ ಅಷ್ಟೇ ಸತ್ಯ.

ಅಂತರರಾಷ್ಟ್ರೀಯ ವ್ಯವಸ್ಥೆ

ಅಮೆರಿಕದ ಹೊರಗೆ, ಸದಸ್ಯ ದೇಶಗಳಲ್ಲಿ, ತೈಲ ಹಡಗುಗಳ ಸೋರಿಕೆಗೆ 1992ರ ಬಾಧ್ಯತಾ ಒಪ್ಪಂದ ಮತ್ತು ನಿಧಿ ಒಪ್ಪಂದಗಳು ಅನ್ವಯಿಸುತ್ತವೆ. ಹಡಗಿನ ಒಡೆಯನ ವಿಮೆ ಮೊದಲ ಪದರ. ಲಂಡನ್ನಿನಲ್ಲಿ ಕೇಂದ್ರ ಕಚೇರಿಯುಳ್ಳ ಅಂತರರಾಷ್ಟ್ರೀಯ ತೈಲ ಮಾಲಿನ್ಯ ಪರಿಹಾರ ನಿಧಿ ಎರಡನೆಯದು. ಎರಡೂ ಸೇರಿ ಒಂದು ಘಟನೆಗೆ ಐಎಂಎಫ್‌ನ ಎಸ್‌ಡಿಆರ್ ಲೆಕ್ಕಮಾನದಲ್ಲಿ 20.3 ಕೋಟಿ ಗರಿಷ್ಠ ಮೊತ್ತ. ಶುದ್ಧ ಆರ್ಥಿಕ ನಷ್ಟವನ್ನು ಈ ನಿಧಿ ಒಪ್ಪುತ್ತದೆ, ಆದರೆ ಮಾಲಿನ್ಯಕ್ಕೂ ನಷ್ಟಕ್ಕೂ ಸಾಕಷ್ಟು ನಿಕಟ ಸಂಬಂಧ ಇರಬೇಕೆನ್ನುತ್ತದೆ. ಮಲಿನ ಪ್ರದೇಶಕ್ಕೆ ಎಷ್ಟು ಹತ್ತಿರ, ಅದರ ಮೇಲೆ ಎಷ್ಟು ಅವಲಂಬನೆ, ಬೇರೆ ಗಿರಾಕಿಗಳ ಸಾಧ್ಯತೆ ಇತ್ತೇ, ವ್ಯವಹಾರ ಆ ಊರಿನ ಆರ್ಥಿಕ ಬದುಕಿನಲ್ಲಿ ಬೆರೆತಿದೆಯೇ ಎಂಬುವು ಅದರ ಅಳತೆಗೋಲುಗಳು. ಪ್ರವಾಸಿಗರಿಗೆ ನೇರವಾಗಿ ಸೇವೆ ಕೊಡುವವರನ್ನು, ಹೋಟೆಲುಗಳಿಗೆ ಸರಕು ಒದಗಿಸುವವರಂಥ ಪರೋಕ್ಷ ವ್ಯವಹಾರಗಳಿಂದ ಬೇರ್ಪಡಿಸಿ ನೋಡುತ್ತದೆ.

1999ರ ಡಿಸೆಂಬರ್ 12ರಂದು ಫ್ರಾನ್ಸಿನ ಬ್ರಿಟನಿ ತೀರದಾಚೆ ಎರಡು ತುಂಡಾದ ಎರಿಕಾ ಹಡಗಿನ ಪ್ರಕರಣದಲ್ಲಿ ಸುಮಾರು 7,100 ಕ್ಲೇಮುಗಳು ಬಂದವು. ಪ್ರವಾಸೋದ್ಯಮದ್ದೇ ಅತಿ ದೊಡ್ಡ ಪಾಲು. ಹಣ ಸಾಲದೇ ಹೋದೀತೆಂಬ ಭಯದಿಂದ ನಿಧಿ ಆರಂಭದಲ್ಲಿ ಒಪ್ಪಿದ ಮೊತ್ತದ ಅರ್ಧ ಮಾತ್ರ ಕೊಟ್ಟಿತು. ಪೂರ್ತಿ ಪಾವತಿ ಸಾಧ್ಯವಾದದ್ದು 2003ರಲ್ಲಿ. 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯದ ತೆಯಾನ್ ತೀರದಲ್ಲಿ ಹೆಬೆ ಸ್ಪಿರಿಟ್ ಹಡಗಿನಿಂದ 10,000 ಟನ್ನಿಗೂ ಹೆಚ್ಚು ಕಚ್ಚಾತೈಲ ಸೋರಿ ಲಕ್ಷಕ್ಕೂ ಮೀರಿದ ಕ್ಲೇಮುಗಳು ದಾಖಲಾದವು. ಮನೆಯ ಒಂದು ಭಾಗವನ್ನು ಅತಿಥಿಗಳಿಗೆ ಬಿಟ್ಟುಕೊಡುವ, ಮಿನ್‌ಬಕ್ ಎಂಬ ಹೆಸರಿನ ವಸತಿಗಳು ಆ ಕರಾವಳಿಯ ಜೀವನೋಪಾಯಗಳಲ್ಲಿ ಒಂದು.

ಸಮುದ್ರದೊಳಗಿನ ಬಾವಿಗಳಿಗೆ ಈ ಒಪ್ಪಂದಗಳು ಅನ್ವಯಿಸುವುದಿಲ್ಲ. ಡೀಪ್‌ವಾಟರ್ ಹೊರೈಜನ್‌ನಂಥದ್ದು ಬೇರೆ ದೇಶದಲ್ಲಿ ಘಟಿಸಿದರೆ ಆ ದೇಶದ ಸ್ವಂತ ಕಾನೂನೇ ಗತಿ. ಇದು ಇಂದಿಗೂ ತುಂಬದ ದೊಡ್ಡ ಕಂದಕ.

ಇಂದಿನ ಸ್ಥಿತಿ

ಬಿಪಿ ತನ್ನ ಒಟ್ಟು ಹೊರೆಯನ್ನು 2018ರ ಆರಂಭದಲ್ಲಿ ಸುಮಾರು 6,500 ಕೋಟಿ ಡಾಲರ್ ಎಂದು ಅಂದಾಜಿಸಿತು. ಬಾಡಿಗೆ ಮನೆಗಳ ಒಡೆಯರಿಗೆ ಸಂದದ್ದು ಅದರ ಸಣ್ಣ ಭಾಗ. ಅಷ್ಟು ದೊಡ್ಡ ಕಂಪನಿ ಹೊಣೆಗಾರನಾಗಿರದಿದ್ದರೆ ಆ ಪರಿಹಾರ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. 2021ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯದ ಹಂಟಿಂಗ್ಟನ್ ಬೀಚ್ ಬಳಿ ಕೊಳವೆಮಾರ್ಗ ಸೋರಿದಾಗ ಹೂಡಿದ ಸಮೂಹ ದಾವೆಯಲ್ಲಿ ಮೀನುಗಾರರು, ಆಸ್ತಿದಾರರು, ತೀರದ ಪ್ರವಾಸೋದ್ಯಮಿಗಳು ಎಂದು ಮೂರು ವರ್ಗಗಳನ್ನು ಮಾಡಲಾಯಿತು. ಕೊಳವೆಯ ಒಡೆಯ ಕಂಪನಿ 5 ಕೋಟಿ, ಲಂಗರು ಎಳೆದು ಕೊಳವೆಗೆ ಹಾನಿ ಮಾಡಿದ ಆರೋಪ ಹೊತ್ತ ಹಡಗುಗಳ ಪಕ್ಷ 4.5 ಕೋಟಿ ಡಾಲರ್ ಕೊಡಲು ಒಪ್ಪಿದವು. 

ಬುಕಿಂಗಿನ ಸ್ವರೂಪವೂ ಬದಲಾಗಿದೆ. ಆನ್‌ಲೈನ್ ವೇದಿಕೆಗಳ ಮೂಲಕ ಮನೆ ಕೊಡುವವರ ಬಳಿ ಪ್ರತಿ ರಾತ್ರಿಯ ದರ, ರದ್ದತಿಯ ದಿನ, ಮರುಪಾವತಿ ಎಲ್ಲವೂ ತಾನಾಗಿ ದಾಖಲಾಗಿರುತ್ತವೆ. ಬಾರದೆ ಹೋದ ಬುಕಿಂಗನ್ನು ತೋರಿಸುವ ಹಳೆಯ ಕಷ್ಟ ಮಾತ್ರ ಹಾಗೆಯೇ ಇದೆ.

ಭಾರತ ಮತ್ತು ಕರ್ನಾಟಕ

ಭಾರತ 1992ರ ಎರಡೂ ಒಪ್ಪಂದಗಳಿಗೆ ಸೇರಿದೆ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಕಚ್ಚಾತೈಲ ತರುವ ಹಡಗುಗಳು ನವಮಂಗಳೂರು ಬಂದರಿಗೆ ಬರುತ್ತವೆ. ಅಂಥ ಹಡಗಿನಿಂದ ಸೋರಿಕೆಯಾದರೆ ಮಲ್ಪೆ, ಮುರ್ಡೇಶ್ವರ, ಗೋಕರ್ಣದ ಹೋಂಸ್ಟೇ ನಡೆಸುವವರು ಎರಿಕಾ ಪ್ರಕರಣದ ಬ್ರಿಟನಿಯವರಂತೆಯೇ ಅಂತರರಾಷ್ಟ್ರೀಯ ನಿಧಿಯ ಮುಂದೆ ಕ್ಲೇಮು ಇಡಬಹುದು. ಸರಕು ಹಡಗುಗಳು ತಮ್ಮ ಬಳಕೆಗೆ ಇಟ್ಟುಕೊಂಡ ಇಂಧನ ಸೋರಿದರೆ ಈ ನಿಧಿ ಲಭ್ಯವಿಲ್ಲ. ಹಡಗಿನ ಒಡೆಯ ಮತ್ತು ಅವನ ವಿಮಾದಾರರೇ ದಿಕ್ಕು. 2025ರ ಮೇ 25ರಂದು ಕೇರಳ ತೀರದಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಕಂಟೇನರ್ ಹಡಗು ಇಂಥದ್ದು. ಕೇರಳ ಸರ್ಕಾರ ಅದಕ್ಕಾಗಿ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಗಳ ದಾವೆ ಹೂಡಿತು.

ನಿಧಿಯ ಮುಂದೆ ಹಕ್ಕು ಉಳಿಸಿಕೊಳ್ಳಲು ನಷ್ಟ ಸಂಭವಿಸಿದ 3 ವರ್ಷಗಳೊಳಗೆ, ಏನೇ ಆದರೂ ಘಟನೆ ನಡೆದ 6 ವರ್ಷಗಳೊಳಗೆ, ಕಾನೂನು ಕ್ರಮ ಹೂಡಿರಬೇಕು. ಕ್ಲೇಮು ಸಲ್ಲಿಸಿ ಸುಮ್ಮನೆ ಕಾದರೆ ಈ ಗಡಿಯಾರ ನಿಲ್ಲುವುದಿಲ್ಲ.